ಮೊದಲನೆಯ ಆಯ್ಕೆ

ಹನ್ನೊಂದು ವರ್ಷದಲ್ಲಿ ಅವಳು ಮೂರು ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡಿದ್ದಳು. ಮೂರೂ ಸರ್ಕಾರದವೇ. ಮೂರರಲ್ಲೂ ಅವಳದು ಒಂದೇ ಕೆಲಸ. ಕಕ್ಕಸು ತೊಳೆಯುವುದು.

ಗುತ್ತಿಗೆದಾರ ಎಲ್ಲಿಗೆ ಹೋಗೆಂದರೆ ಅಲ್ಲಿಗೆ ಹೋಗಬೇಕು. ಮೊದಲು ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹಾಕಿದ. ಆಮೇಲೆ ಊರಾಚೆಯ ಕೌಶಲ ವಿಶ್ವವಿದ್ಯಾಲಯಕ್ಕೆ. ಈಗ ಆರು ವರ್ಷದಿಂದ ಊರ ನಡುವಿನ ಹಳೆಯ ವಿಶ್ವವಿದ್ಯಾಲಯ. ಕಲ್ಲಿನ ಕಟ್ಟಡ, ಎತ್ತರದ ಕಂಬಗಳು, ಒಳಗೆ ಕಾಲಿಟ್ಟರೆ ಮಾತು ತಾನಾಗಿಯೇ ತಗ್ಗುವಂಥ ಜಾಗ. ಅವಳಿಗೆ ಗೊತ್ತಿದ್ದದ್ದು ಆ ಕಟ್ಟಡದ ಹಿಂಬದಿ.

ನೀಲಿ ಅಂಗಿ ಕೊಟ್ಟಿದ್ದರು. ಬೆನ್ನ ಮೇಲೆ ಗುತ್ತಿಗೆಯವರ ಹೆಸರು. ಅವಳ ಹೆಸರು ಎಲ್ಲೂ ಇರಲಿಲ್ಲ. ಅಲ್ಲಿ ಅವಳನ್ನು ಕರೆಯುತ್ತಿದ್ದುದು ಫಿನಾಯಿಲ್ ಎಂದು. "ಏ ಫಿನಾಯಿಲ್, ಬಾ ಇಲ್ಲಿ." ಮೊದಮೊದಲು ಅವಳು ತಿರುಗಿ ನೋಡುತ್ತಿರಲಿಲ್ಲ. ತಿರುಗದ ದಿನ ಮೇಸ್ತ್ರಿ ಹಾಜರಿ ಹಾಕುತ್ತಿರಲಿಲ್ಲ. ತಿರುಗುವುದನ್ನು ಕಲಿತಳು.

ಬೆಳಿಗ್ಗೆ ಏಳಕ್ಕೆ ಶುರು. ನಾಲ್ಕು ಮಹಡಿ. ಮೊದಲು ನೀರು ಸುರಿಯಬೇಕು, ಆಮೇಲೆ ಆಸಿಡ್ಡು, ಆಮೇಲೆ ಉಜ್ಜಬೇಕು. ಆಸಿಡ್ಡಿನ ಹೊಗೆಗೆ ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ. ಗುಂಡಿ ಕಟ್ಟಿಕೊಂಡರೆ ಕೋಲು ಹಾಕಬೇಕು. ಕೋಲಿಗೆ ಬಗ್ಗದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಭುಜದವರೆಗೆ ಇಳಿಸಬೇಕು. ಚೀಲ ಹರಿಯುತ್ತದೆ. ಯಾವಾಗಲೂ ಹರಿಯುತ್ತದೆ. ಮಧ್ಯಾಹ್ನ ಅದೇ ಕೈ ತೊಳೆದುಕೊಂಡು, ಮೆಟ್ಟಿಲ ಕೆಳಗಿನ ಪೊರಕೆ ಗೂಡಿನಲ್ಲಿ ಮುದುರಿ ಕೂತು ಉಣ್ಣಬೇಕು. ತೊಳೆದ ಕಕ್ಕಸನ್ನು ಅವಳು ಬಳಸುವಂತಿಲ್ಲ. ಅದಕ್ಕೆ ಕಾಂಪೌಂಡಿನ ಹಿಂದಿನ ಪೊದೆ ಇದೆ.

ಇಂಥವಳ ಮಗಳು ಪ್ರವೇಶ ಪರೀಕ್ಷೆ ಬರೆದು ನೂರ ಹದಿನೇಳನೇ ಸ್ಥಾನ ತಂದಳು. ಸಾವಿರಾರು ಮಕ್ಕಳು ಬರೆದಿದ್ದರು. ಮಗಳಿಗೆ ಬೇಕಾಗಿದ್ದದ್ದು ರಸಾಯನಶಾಸ್ತ್ರ. ಚಿಕ್ಕವಳಿದ್ದಾಗಿನಿಂದ ಅದೇ ಹುಚ್ಚು. ತಾಯಿಯ ಅಂಗೈ ಸುಲಿದಿದ್ದನ್ನು ನೋಡಿ, ಆಸಿಡ್ಡಿನ ಡಬ್ಬಿ ಮೇಲಿದ್ದ ಅಕ್ಷರ ಓದಿ, "ಅಮ್ಮಾ, ಇದನ್ನೂ ಬ್ಲೀಚಿಂಗ್ ಪುಡೀನೂ ಒಟ್ಟಿಗೆ ಹಾಕ್ಬೇಡ. ವಿಷದ ಗಾಳಿ ಬರುತ್ತೆ" ಎಂದು ಹೇಳಿದ್ದಳು. ಆಗ ಅವಳಿನ್ನೂ ಏಳನೇ ತರಗತಿ. ಅಷ್ಟು ವರ್ಷ ಎರಡನ್ನೂ ಒಟ್ಟಿಗೆ ಸುರಿಸುತ್ತಿದ್ದ ಮೇಸ್ತ್ರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದನೋ, ಯಾರಿಗೆ ಗೊತ್ತು.

ಅರ್ಜಿ ತುಂಬುವ ಮೊದಲು ಮಗಳು ಓದುತ್ತಿದ್ದ ಕಾಲೇಜಿನವರು ತಂದೆತಾಯಿಯರನ್ನು ಕರೆಸಿದರು. ಅಪ್ಪ ಇರಲಿಲ್ಲ, ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಇನ್ನೊಬ್ಬಳ ಹಿಂದೆ ಹೋದವನು ತಿರುಗಿ ಬಂದಿರಲಿಲ್ಲ. ತಾಯಿಯೇ ಮಗಳ ಜೊತೆ ಹೋದಳು. ಮಾರ್ಗದರ್ಶನದ ಮೇಷ್ಟ್ರು ಮೇಜಿನ ಮೇಲೆ ಬಣ್ಣಬಣ್ಣದ ಪುಸ್ತಿಕೆಗಳನ್ನು ಹರಡಿಕೊಂಡು ಕೂತಿದ್ದರು. ಕೆಟ್ಟವರಲ್ಲ. ನಗುನಗುತ್ತಲೇ ಮಾತಾಡಿದರು. ಅದೇ ಅವಳಿಗೆ ಹೆಚ್ಚು ಹೇಸಿಗೆಯಾದದ್ದು.

"ನೋಡಮ್ಮ, ವಿಶ್ವವಿದ್ಯಾಲಯ ಅಂದ್ರೆ ಎಲ್ಲಾ ಒಂದೇ ಅಲ್ಲ. ಒಂದೊಂದನ್ನ ಒಂದೊಂದು ಥರದ ಮಕ್ಕಳಿಗೆ ಅಂತ ಮಾಡಿರ್ತಾರೆ."

"ಯಾವ ಥರದ ಮಕ್ಕಳಿಗೆ ಸಾರ್?"

"ಅಂದ್ರೆ... ಅವರವರ ಹಿನ್ನೆಲೆಗೆ ತಕ್ಕ ಹಾಗೆ." ಮೇಷ್ಟ್ರು ಹಸಿರು ಪುಸ್ತಿಕೆ ಮುಂದೆ ತಳ್ಳಿದರು. "ಇದು ಕೌಶಲ ವಿಶ್ವವಿದ್ಯಾಲಯ. ಸ್ವಚ್ಛತಾ ನಿರ್ವಹಣೆ ಅಂತ ಒಂದು ಪದವಿ ಇದೆ. ಮೂರು ವರ್ಷ. ಕೆಲಸ ಗ್ಯಾರಂಟಿ. ನಿಮ್ಮ ಮನೇಲಿ ಹೇಗೂ ಅನುಭವ ಇದೆ."

"ನನ್ನ ಮಗಳಿಗೆ ನೂರ ಹದಿನೇಳನೇ ಸ್ಥಾನ ಬಂದಿದೆ ಸಾರ್."

"ಬಂದಿದೆ, ಸಂತೋಷ. ಆದ್ರೆ ಹಳೇ ವಿಶ್ವವಿದ್ಯಾಲಯಕ್ಕೆ ಹೋದ್ರೆ ಅಲ್ಲಿ ಎಂಥೆಂಥ ಮನೆ ಮಕ್ಕಳು ಬರ್ತಾರೆ! ಇವಳಿಗೆ ಹೊಂದಿಕೊಳ್ಳೋಕೆ ಆಗುತ್ತಾ? ನಾನು ಇವಳ ಒಳ್ಳೇದಕ್ಕೇ ಹೇಳ್ತಿರೋದು."

ಪುಸ್ತಿಕೆಯ ಮುಖಪುಟದಲ್ಲಿ ಒಬ್ಬ ಹುಡುಗಿ ಬಿಳಿ ಕೈಗವಸು ಹಾಕಿಕೊಂಡು ನಗುತ್ತಿದ್ದಳು. ಅವಳ ಹಿಂದಿನ ಗೋಡೆಯ ಹೆಂಚುಗಳು ಇವಳಿಗೆ ಗುರುತಿದ್ದವು. ನಾಲ್ಕನೇ ಸಾಲಿನಲ್ಲಿ ಒಂದು ಹೆಂಚು ಒಡೆದಿತ್ತು. ಅದನ್ನು ಎರಡು ವರ್ಷ ಉಜ್ಜಿದವಳು ಇವಳೇ.

ಆ ಜಾಗ ಬಿಟ್ಟು ಬರಬೇಕಾದದ್ದು ಹೇಗೆಂದೂ ನೆನಪಿತ್ತು. ಒಂದು ದಿನ ಮೇಸ್ತ್ರಿ ಬಂದು, "ಇನ್ಮೇಲೆ ಇಲ್ಲಿ ನಮ್ಮ ಜನ ಬೇಡವಂತೆ" ಎಂದ. ಯಾಕೆಂದು ಕೇಳಿದರೆ ನಕ್ಕ. "ಮಕ್ಕಳೇ ತೊಳೀತಾರಂತೆ. ಪ್ರಾಯೋಗಿಕ ತರಗತಿ. ಅದಕ್ಕೆ ಅಂಕ ಇದೆಯಂತೆ." ಮಾರನೆಯ ದಿನ ಬಕೆಟ್ಟು, ಬ್ರಷ್ಷು ಒಪ್ಪಿಸಲು ಹೋದಾಗ ಅವಳು ಕಣ್ಣಾರೆ ಕಂಡಳು. ಹದಿನೆಂಟು ಹತ್ತೊಂಬತ್ತರ ಮಕ್ಕಳು, ಮೊಣಕಾಲೂರಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಧ್ಯಾಪಕರು ಬಳಸುವ ಕಕ್ಕಸನ್ನು ಉಜ್ಜುತ್ತಿದ್ದರು. ಬಾಗಿಲಲ್ಲಿ ಒಬ್ಬ ಹಾಜರಿ ಪುಸ್ತಕ ಹಿಡಿದು ನಿಂತಿದ್ದ. ಅವರಲ್ಲಿ ಇಬ್ಬರು ಅವಳ ಬೀದಿಯವರೇ. ಅವಳನ್ನು ಕಂಡು ಮುಖ ಆ ಕಡೆ ತಿರುಗಿಸಿದರು. ಎಂಥ ಉಪಾಯ! ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಈಗ ಅವರಿಂದಲೇ ಫೀಸು ಕಟ್ಟಿಸಿಕೊಂಡು ಮಾಡಿಸುವುದು. ಅದರ ಮೇಲೆ ಪದವಿ ಎಂದು ಮುದ್ರೆ ಒತ್ತುವುದು.

ಅವಳು ಪುಸ್ತಿಕೆಯನ್ನು ಮುಟ್ಟಲಿಲ್ಲ. "ಬೇಡ ಸಾರ್" ಎಂದಳು.

"ಎರಡು ಆಯ್ಕೆ ಕೊಡಲೇಬೇಕಮ್ಮ. ಇಲ್ದಿದ್ರೆ ಅರ್ಜಿ ತಗೊಳ್ಳಲ್ಲ. ಮೊದಲನೇದು ನಿಮ್ಮಿಷ್ಟ, ಎರಡನೇದಾದ್ರೂ ನನ್ನ ಮಾತು ಕೇಳಿ." ಅನ್ನುತ್ತ ಮೇಷ್ಟ್ರು ತಾವೇ ಪೆನ್ನು ತೆಗೆದು ಎರಡನೆಯ ಖಾನೆ ತುಂಬಿದರು. ಮೊದಲನೆಯ ಖಾನೆ ಖಾಲಿ ಬಿಟ್ಟು, "ಯೋಚನೆ ಮಾಡಿ ತುಂಬ್ಕೊಂಡು ಬಾ" ಎಂದು ಕಾಗದವನ್ನು ಮಗಳ ಕೈಗೆ ಕೊಟ್ಟರು.

ಮನೆಗೆ ಬಂದು ತಾಯಿಮಗಳು ಆ ಖಾಲಿ ಖಾನೆಯ ಮುಂದೆ ಕೂತರು.

"ತಾಂತ್ರಿಕಾನೇ ಹಾಕ್ಲಾ ಅಮ್ಮ? ಅಲ್ಲೂ ರಸಾಯನಶಾಸ್ತ್ರ ಇದೆ."

"ಅಲ್ಲಿ ಪರೀಕ್ಷೆ ಬಂತು ಅಂದ್ರೆ ಪಾಯಿಖಾನೆ ಎಲ್ಲಾ ಚೀಟಿಯಿಂದ ಕಟ್ಕೊಳ್ತಿತ್ತು. ಕಾಪಿ ಹೊಡೆದು ಹೊಡೆದು ಗುಂಡಿಗೆ ಹಾಕೋರು. ನಾನೇ ಕೈ ಹಾಕಿ ತೆಗೀತಿದ್ದೆ. ಕಲಿಯೋ ಜಾಗ ಅಲ್ಲ ಅದು."

"ಹಳೇದು ಅಂದ್ರೆ ನೀನಿರೋ ಜಾಗ."

"ಹೂಂ."

ಮಗಳು ಕಾಗದದ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಮೆಲ್ಲಗೆ, "ನಿನ್ನನ್ನ ಅವರು ಏನಂತ ಕರೀತಾರೆ ಅಂತ ನನಗೆ ಗೊತ್ತು" ಎಂದಳು.

ತಾಯಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮುಚ್ಚಿಟ್ಟಿದ್ದೇನೆಂದು ಅಂದುಕೊಂಡಿದ್ದಳು. ಆದರೂ ಹೇಳಿದಳು:

"ಎರಡನೇ ಮಹಡಿ ಹೆಂಗಸರ ಕಕ್ಕಸಿಗೆ ಅಂಟ್ಕೊಂಡು ಪಾಠದ ಕೋಣೆ ಇದೆ. ಮೇಲೆ ಕಿಂಡಿ. ಉಜ್ಜೋವಾಗ ಎಲ್ಲಾ ಕೇಳಿಸುತ್ತೆ. ಒಂದು ದಿನ ಒಬ್ಬ ಹುಡುಗಿ ಏನೋ ಪ್ರಶ್ನೆ ಕೇಳಿದ್ಳು. ಪಾಠ ಮಾಡೋ ಮುದುಕಪ್ಪ ಏನಂದ ಗೊತ್ತಾ? ‘ನನಗೂ ಗೊತ್ತಿಲ್ಲಮ್ಮ, ನಾಳೆ ಓದ್ಕೊಂಡು ಬರ್ತೀನಿ’ ಅಂದ. ಮಾರನೇ ದಿನ ಬಂದು ಹೇಳಿದ ಕೂಡ. ನಾನು ಅಲ್ಲೇ ಇದ್ದೆ. ಬ್ರಷ್ಷು ಕೆಳಗಿಟ್ಟು ಕೇಳ್ದೆ. ಏನೂ ಅರ್ಥ ಆಗ್ಲಿಲ್ಲ. ಆದ್ರೆ ಆ ಹುಡುಗಿ ಜಾಗದಲ್ಲಿ ನೀನಿರ್ಬೇಕು ಅನ್ನಿಸ್ತು."

ಮಗಳು ಪೆನ್ನು ತೆಗೆದುಕೊಂಡು ಮೊದಲನೆಯ ಖಾನೆ ತುಂಬಿದಳು.

ದಾಖಲೆ ತೋರಿಸುವ ದಿನ ಬಂತು. ಸ್ಥಾನದ ಪ್ರಕಾರ ಕರೆಯುತ್ತಾರೆ. ಸಂಜೆ ಐದರೊಳಗೆ ಸಹಿ ಬೀಳದಿದ್ದರೆ ಮೊದಲನೆಯ ಆಯ್ಕೆ ರದ್ದು, ಎರಡನೆಯದು ತಾನಾಗಿಯೇ ಖಾಯಂ. ಅವಳು ಒಂದು ವಾರ ಮೊದಲೇ ಮೇಸ್ತ್ರಿಯನ್ನು ಅಂಗಲಾಚಿ ರಜೆ ಪಡೆದಿದ್ದಳು. ಒಗೆದ ಬಟ್ಟೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಗಳ ಕಾಗದಗಳನ್ನು ಎದೆಗವಚಿಕೊಂಡು, ಮೊದಲ ಸಲ ಆ ಕಟ್ಟಡದ ಮುಂಬಾಗಿಲಿನಿಂದ ಒಳಗೆ ಹೋದಳು.

ನೆಲ ಅಂತಸ್ತಿನ ಉದ್ದನೆಯ ಪಡಸಾಲೆಯಲ್ಲಿ ಕುರ್ಚಿಗಳನ್ನು ಹಾಕಿದ್ದರು. ಪಕ್ಕದ ಕುರ್ಚಿಯಲ್ಲಿ ದಪ್ಪ ಕನ್ನಡಕದ ಒಬ್ಬ ಹೆಂಗಸು. ಮಗನನ್ನು ಕರೆತಂದಿದ್ದಳು. ಇಬ್ಬರಿಗೂ ಬೇಗ ಬಳಕೆಯಾಯಿತು. ಮಗ ಊಟ ಸರಿಯಾಗಿ ಮಾಡುವುದಿಲ್ಲ, ಓದಲು ಕೂತರೆ ಕಿವಿ ಕೇಳುವುದಿಲ್ಲ ಎಂದೆಲ್ಲ ಅವಳು ಹೇಳಿಕೊಂಡಳು. "ನಮ್ಮದೂ ಅದೇ ಕಥೆ" ಎಂದು ಇವಳು ನಕ್ಕಳು. ಮಧ್ಯಾಹ್ನ ಸೆಕೆ ಏರಿದಾಗ ಆ ಹೆಂಗಸು ತನ್ನ ನೀರಿನ ಬಾಟಲಿ ಚಾಚಿ, "ಕುಡೀರಿ, ತಣ್ಣಗಿದೆ" ಎಂದಳು. ಇವಳು ಕುಡಿದಳು. ಆ ಕಟ್ಟಡದೊಳಗೆ ಅವಳಿಗೆ ಯಾರಾದರೂ ನೀರು ಕೊಟ್ಟದ್ದು ಅದೇ ಮೊದಲು.

ನೂರಾರು ಜನ ಬಂದಿದ್ದರು. ತೆರೆದಿಟ್ಟಿದ್ದು ಪಡಸಾಲೆಯ ತುದಿಯ ಎರಡೇ ಕಕ್ಕಸು. ಅಧಿಕಾರಿಗಳ ಕಕ್ಕಸಿಗೆ ಬೀಗ. ಆ ಎರಡರ ಕೊಳವೆ ಕಟ್ಟುತ್ತಿದೆ, ಯಂತ್ರ ತರಿಸಿ ಎಂದು ಅವಳು ಒಂದು ತಿಂಗಳಿಂದ ಮೇಸ್ತ್ರಿಗೆ ಹೇಳುತ್ತಲೇ ಇದ್ದಳು. "ನಿನ್ನ ಕೈ ಇದೆಯಲ್ಲ" ಎಂದಿದ್ದ.

ನೂರ ಹದಿನೈದು ಕರೆದರು. ನೂರ ಹದಿನಾರು ಕರೆದರು. ನಾಲ್ಕು ಗಂಟೆಯ ಹೊತ್ತಿಗೆ ವಾಸನೆ ಬಂತು.

ಮೊದಲು ಬಾಗಿಲ ಕೆಳಗಿನಿಂದ ಬರೀ ನೀರು ಬಂತು. ಆಮೇಲೆ ನೀರಿನ ಜೊತೆ ಬರಬಾರದ್ದೆಲ್ಲ ಬಂತು. ಕಾಗದ, ರಕ್ತದ ಬಟ್ಟೆ, ಉಂಡೆ ಉಂಡೆ ಹೇಲು. ಹಳದಿ ನೀರು ಪಡಸಾಲೆಯ ನುಣುಪು ಕಲ್ಲಿನ ಮೇಲೆ ಅವಸರವಿಲ್ಲದೆ ಹರಡುತ್ತ ಬಂತು. ಜನ ಚೀರಿ ಕಾಲೆತ್ತಿಕೊಂಡರು. ಸಹಿ ಹಾಕುತ್ತಿದ್ದ ಉಪಕುಲಸಚಿವರು ಕೋಣೆಯಿಂದ ಹೊರಗೆ ಬಂದರು. ಗುತ್ತಿಗೆಯ ಹೆಂಗಸರು ಅವರನ್ನು ತಮ್ಮತಮ್ಮಲ್ಲಿ ಕರ್ಚೀಫು ಎಂದು ಕರೆಯುತ್ತಿದ್ದರು. ಕಕ್ಕಸು ತೊಳೆಯುವವರು ಎದುರು ಬಂದರೆ ಸಾಕು, ಕರ್ಚೀಫು ಮೂಗಿಗೆ ಹೋಗುತ್ತಿತ್ತು.

ಕರ್ಚೀಫಿನ ಮೇಲಿನ ಕಣ್ಣು ಸಾಲನ್ನೆಲ್ಲ ಸವರಿ ಅವಳ ಮೇಲೆ ನಿಂತಿತು.

"ಏ ಫಿನಾಯಿಲ್! ಇಲ್ಲಿ ಇಷ್ಟು ಹೇಸಿಗೆ ಆಗ್ತಿದ್ರೆ ಕುರ್ಚಿ ಮೇಲೆ ಕೂತಿದೀಯಲ್ಲ!"

ಪಡಸಾಲೆಯ ಜನವೆಲ್ಲ ತಿರುಗಿ ನೋಡಿತು.

"ಇವತ್ತು ರಜೆ ಸಾರ್. ಮಗಳ ಪ್ರವೇಶಕ್ಕೆ ಬಂದಿದೀನಿ."

"ಮಗಳಾ?" ಅವರು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸರಿ, ಸರಿ. ಮೊದಲು ಅದನ್ನ ನೋಡು. ಆಮೇಲೆ ಮಗಳ ಕಾಗದ ನೋಡೋಣ."

"ಬೇರೆಯವರು..."

"ಎಲ್ಲಾ ಹಾಸ್ಟೆಲ್ಲಿಗೆ ಹೋಗಿದಾರೆ. ಎದ್ದೇಳು. ಅದು ಮುಗಿಯೋವರೆಗೂ ನಾನು ಯಾರ ಸಹೀನೂ ಹಾಕಲ್ಲ."

ಪಕ್ಕದ ಕುರ್ಚಿ ಕಿರುಗುಟ್ಟಿತು. ದಪ್ಪ ಕನ್ನಡಕದ ಹೆಂಗಸು ಕುರ್ಚಿ ಎಳೆದುಕೊಂಡು ಆಚೆ ಸರಿದಿದ್ದಳು. ಚೀಲವನ್ನು ಮಡಿಲಿಗೆತ್ತಿಕೊಂಡಿದ್ದಳು. ನೀರಿನ ಬಾಟಲಿಯನ್ನು ಮಾತ್ರ ಕುರ್ಚಿಯ ಕೆಳಗೇ ಬಿಟ್ಟಿದ್ದಳು. ಅದು ಇನ್ನು ಅವಳಿಗೆ ಬೇಡವಾಗಿತ್ತು.

ತಾಯಿಯ ಮೊಣಕಾಲು ತಾನಾಗಿಯೇ ಏಳಲು ಹೊರಟಿತು. ಹನ್ನೊಂದು ವರ್ಷದ ಅಭ್ಯಾಸ. ದೇಹ ಮೊದಲು ಏಳುತ್ತದೆ, ಮನಸ್ಸು ಆಮೇಲೆ ಬರುತ್ತದೆ. ಆದರೆ ಅವಳಿಗಿಂತ ಮೊದಲು ಮಗಳು ಎದ್ದಿದ್ದಳು. ಎದ್ದು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚುತ್ತಿದ್ದಳು.

"ನಾನು ಮಾಡ್ತೀನಿ ಅಮ್ಮ. ನೀನು ಒಳ್ಳೆ ಬಟ್ಟೆ ಉಟ್ಟಿದೀಯ. ಬಕೆಟ್ಟು ಎಲ್ಲಿದೆ ಹೇಳು."

ಆ ಮಡಚಿದ ತೋಳು, ಆ ಸಣ್ಣ ಮೊಣಕೈ. ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದ ಒಬ್ಬನಷ್ಟೇ ಕಡಿಮೆ. ಮಗಳ ಕೈ ಹಿಡಿದು ಕುರ್ಚಿಗೆ ಎಳೆದು ಕೂರಿಸಿದಳು.

"ಕೂತ್ಕೋ."

"ಅಮ್ಮಾ, ಐದಕ್ಕೆ ಮುಚ್ತಾರೆ!"

"ಕೂತ್ಕೋ ಅಂದೆ. ತೋಳು ಇಳಿಸು."

ಮಗಳು ತೋಳು ಇಳಿಸಿದಳು. ತಾಯಿ ಉಪಕುಲಸಚಿವರ ಕಡೆ ತಿರುಗಿದಳು.

"ಮಾಡಲ್ಲ."

"ಏನಂದೆ?"

"ಮಾಡಲ್ಲ ಅಂದೆ. ಇವತ್ತು ನಾನು ಇವಳ ತಾಯಿ."

ಜನ ಸುಮ್ಮನಿರಲಿಲ್ಲ. ಫೈಲು ಹಿಡಿದಿದ್ದ ಒಬ್ಬ ಗೃಹಸ್ಥ, "ನಿನ್ನ ಕೆಲಸಾನೇ ತಾನೇ, ಐದು ನಿಮಿಷ. ನಿನ್ನ ಹಟಕ್ಕೆ ನಮ್ಮ ಮಕ್ಕಳ ಸೀಟು ಹೋಗ್ಬೇಕಾ?" ಎಂದ. ಇನ್ಯಾರೋ, "ಇವರಿಗೆ ಇತ್ತೀಚೆಗೆ ತಲೆ ತಿರುಗಿದೆ" ಎಂದರು.

ಅವಳು ಆ ಗೃಹಸ್ಥನ ಮುಖಕ್ಕೆ ನೇರ ನೋಡಿದಳು.

"ಅದು ನಿಮ್ಮದೇ ಸ್ವಾಮಿ. ಬೆಳಿಗ್ಗೆಯಿಂದ ನೀವೂ, ನಿಮ್ಮ ಮಕ್ಕಳೂ ಹೋಗಿ ಬಂದಿರೋದು. ನಾನು ಒಂದ್ಸಲಾನೂ ಹೋಗಿಲ್ಲ. ನನಗೆ ಇಲ್ಲಿ ಹೋಗೋಕೆ ಬಿಡಲ್ಲ. ಇದ್ರಲ್ಲಿ ನನ್ನದು ಒಂದು ಹನೀನೂ ಇಲ್ಲ. ಬೇಕಾದ್ರೆ ನೀವು ಎತ್ತಿ."

ಗೃಹಸ್ಥ ಕೆಳಗೆ ನೋಡಿದ. ಹೊಲಸು ಅವನ ಬೂಟಿನ ತುದಿ ಮುಟ್ಟಿತ್ತು.

ಉಪಕುಲಸಚಿವರಿಗೆ ಒಂದು ಉಪಾಯ ಹೊಳೆಯಿತು. ಎಲ್ಲರನ್ನೂ ಮೇಲಿನ ಸಭಾಕೋಣೆಗೆ ಬರಹೇಳಿದರು. ಉಳಿದ ಸಹಿ ಅಲ್ಲೇ. ಜನ ಗೋಡೆ ಹಿಡಿದು, ಕುರ್ಚಿ ಹತ್ತಿ, ಹಾರಿ, ಮೆಟ್ಟಿಲು ಸೇರಿಕೊಂಡರು. ಹೋಗುವಾಗ ಅವರು ಜವಾನನಿಗೆ ಹೇಳಿದ ಮಾತು ಅವಳಿಗೆ ಕೇಳಲೆಂದೇ ಹೇಳಿದ್ದು: "ಕಾಲು ಹೊಲಸಾದವರನ್ನ ಒಳಗೆ ಬಿಡಬೇಡ. ಅಲ್ಲಿ ರತ್ನಗಂಬಳಿ ಇದೆ."

ಪಡಸಾಲೆಯಲ್ಲಿ ಇವರಿಬ್ಬರೇ ಉಳಿದರು. ಇವರಿಗೂ ಮೆಟ್ಟಿಲಿಗೂ ನಡುವೆ ಈಗ ಹಾರಲಾರದಷ್ಟು ಅಗಲಕ್ಕೆ ಆ ಕೊಳೆ. ಗಡಿಯಾರದಲ್ಲಿ ನಾಲ್ಕೂ ಮೂವತ್ತೈದು.

"ನಡಿ" ಎಂದಳು ತಾಯಿ.

ನಡೆದರು. ಅದು ಪಾದ ಮುಚ್ಚುವಷ್ಟಿತ್ತು. ಬೆಚ್ಚಗಿತ್ತು. ಮಗಳು ಒಮ್ಮೆ ಜಾರಿದಳು, ತಾಯಿಯ ತೋಳು ಹಿಡಿದುಕೊಂಡಳು. ಮಗಳ ಒಂದು ಚಪ್ಪಲಿ ಅಲ್ಲೇ ಸಿಕ್ಕಿಕೊಂಡಿತು. ಬಗ್ಗಿ ತೆಗೆಯಲಿಲ್ಲ.

ಸಭಾಕೋಣೆಯ ಬಾಗಿಲಲ್ಲಿ ಜವಾನ ಅಡ್ಡ ಕೈ ಇಟ್ಟ. ಅವನ ಮುಖ ಬಿಳಿಚಿತ್ತು. "ನನ್ನ ಕೆಲಸ ಹೋಗುತ್ತೆ ಅಕ್ಕ."

"ಹಾಗಾದ್ರೆ ಆ ಕಡೆ ನೋಡು."

ಅವನು ಆ ಕಡೆ ನೋಡಿದ.

ಒಳಗೆ ತಂಪಾಗಿತ್ತು. ತಿಳಿ ಬೂದು ಬಣ್ಣದ ರತ್ನಗಂಬಳಿ ಗೋಡೆಯಿಂದ ಗೋಡೆಗೆ. ಅದರ ಮೇಲೆ ಇಬ್ಬರ ಹೆಜ್ಜೆ ಒಂದೊಂದಾಗಿ ಬಿದ್ದವು, ಬಾಗಿಲಿನಿಂದ ಮೇಜಿನವರೆಗೆ. ಗುಮಾಸ್ತ ನೂರ ಹತ್ತೊಂಬತ್ತು ಎಂದು ಕೂಗುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ.

ಮಗಳು ಮೇಜಿನ ಮೇಲೆ ಕಾಗದ ಇಟ್ಟಳು. "ನೂರ ಹದಿನೇಳು, ಸಾರ್. ಬಿಟ್ಟು ಕರೆದಿದೀರಿ."

"ಆಚೆ! ಆಚೆ ಹೋಗ್ರೀ! ಏನಿದು!" ಕರ್ಚೀಫು ಮೂಗಿಗೆ ಒತ್ತಿಕೊಂಡಿತು. "ನಿನಗೆ ಎರಡನೇ ಆಯ್ಕೆ ಇದೆಯಲ್ಲ, ಕೌಶಲ! ಹೋಗು ಅಲ್ಲಿಗೆ. ನಿಮ್ಮಂಥವರಿಗೆ ಅಂತಾನೇ ಸರ್ಕಾರ ಮಾಡಿದೆ."

ತಾಯಿ ಮೇಜಿನ ಮುಂದಿನ ಮೆತ್ತನೆಯ ಕುರ್ಚಿ ಎಳೆದು ಕೂತಳು. ಆ ಕುರ್ಚಿಯ ಧೂಳನ್ನು ಎಷ್ಟೋ ಸಲ ಒರೆಸಿದ್ದಳು. ಕೂತಿರಲಿಲ್ಲ. ಎರಡೂ ಕಾಲು ಚೆನ್ನಾಗಿ ಮುಂದಕ್ಕೆ ಚಾಚಿದಳು.

"ಮೊದಲನೇ ಆಯ್ಕೆಗೆ ಬಂದಿದೀವಿ. ಸಹಿ ಹಾಕಿ, ಹೋಗ್ತೀವಿ. ಹಾಕೋವರೆಗೂ ಇಲ್ಲೇ ಕೂತಿರ್ತೀವಿ. ನನಗೆ ಈ ವಾಸನೆ ಅಭ್ಯಾಸ ಸಾರ್. ನಿಮಗೆ ಇಲ್ಲ."

ಕಿಟಕಿ ತೆರೆಯಲು ಹೋದವನಿಗೆ ಅದು ತೆರೆಯುವ ಕಿಟಕಿಯಲ್ಲ ಎಂದು ಗೊತ್ತಾಯಿತು. ಹಿಂದೆ ಒಬ್ಬ ಹುಡುಗ ಓಕರಿಸಿದ. ಗುಮಾಸ್ತ ಕಪಾಟಿನಿಂದ ಸುಗಂಧದ ಡಬ್ಬಿ ತಂದು ಅವರಿಬ್ಬರ ಸುತ್ತ ಸಿಂಪಡಿಸಿದ. ಗಾಳಿಗಲ್ಲ, ಅವರ ಮೇಲೇ. ಅದು ತಾಯಿಯ ಕೂದಲ ಮೇಲೆ, ಕೆನ್ನೆಯ ಮೇಲೆ, ತುಟಿಯ ಮೇಲೆ ಬಿತ್ತು. ಇರುವೆಗೆ ಔಷಧಿ ಹೊಡೆಯುವ ಹಾಗೆ. ಅವಳು ಕಣ್ಣು ಮುಚ್ಚಲಿಲ್ಲ.

ನಾಲ್ಕೂ ಐವತ್ತೆರಡಕ್ಕೆ ಉಪಕುಲಸಚಿವರು ಸಹಿ ಹಾಕಿದರು. ಕಾಗದವನ್ನು ಕೈಯಲ್ಲಿ ಕೊಡಲಿಲ್ಲ, ಅಳತೆಪಟ್ಟಿಯ ತುದಿಯಿಂದ ಮೇಜಿನ ಅಂಚಿಗೆ ತಳ್ಳಿದರು. ಮಗಳು ಅದರ ಮೇಲಿನ ಮುದ್ರೆ, ತಾರೀಖು, ವಿಷಯ ಎಲ್ಲವನ್ನೂ ನಿಧಾನವಾಗಿ ಓದಿದಳು. ಓದಿ ಮುಗಿಯುವವರೆಗೆ ತಾಯಿ ಏಳಲಿಲ್ಲ.

ಮುಂಬಾಗಿಲ ಬಳಿ ಮೇಸ್ತ್ರಿ ಏದುಸಿರು ಬಿಡುತ್ತ ಎದುರಾದ. "ಏನ್ ಮಾಡ್ಕೊಂಡೆ ಮಾರಾಯ್ತಿ! ನಾಳೆಯಿಂದ ಬರಬೇಡ. ಇಲ್ಲಿಗಲ್ಲ, ಎಲ್ಲಿಗೂ ಬೇಡ."

"ನಾಳೆ ಬರಲ್ಲ" ಎಂದಳು. "ಇವಳು ಬರ್ತಾಳೆ."

ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ನಾಲ್ಕು ಹೆಜ್ಜೆ ಇಳಿದಳು. ಆಗ ತುಟಿಯ ಮೇಲಿದ್ದ ಆ ಸುಗಂಧ ಬಾಯಿಗೆ ಇಳಿಯಿತು. ಹೂವಿನ ವಾಸನೆ. ಸಿಹಿ ಸಿಹಿ. ಅದರ ಹಿಂದೆಯೇ ಅಳತೆಪಟ್ಟಿ ನೆನಪಾಯಿತು, ಕುರ್ಚಿಯ ಕೆಳಗಿನ ಬಾಟಲಿ ನೆನಪಾಯಿತು. ಹನ್ನೊಂದು ವರ್ಷ ಕಂಡವರ ಹೇಲು ಬಳಿದರೂ ಕದಲದಿದ್ದ ಹೊಟ್ಟೆ ಈಗ ಒಂದೇ ಸಲ ಮೇಲಕ್ಕೆ ಬಂತು. ಕಂಬಕ್ಕೆ ಕೈಯೂರಿ, ಹಳೆಯ ವಿಶ್ವವಿದ್ಯಾಲಯದ ಮುಂಬಾಗಿಲ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ ಕಾರಿಕೊಂಡಳು. ಮಗಳು ಹಣೆ ಹಿಡಿದುಕೊಂಡಳು. ಹೋಗಿಬರುವ ಜನ ದೂರ ಸುತ್ತಿ ಹೋದರು.

"ನಿಂತ್ಕೋ ಅಮ್ಮ, ನಲ್ಲೀಲಿ ನೀರು ತರ್ತೀನಿ. ಇದನ್ನ ತೊಳೆದುಬಿಡ್ತೀನಿ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮಗಳ ಮಣಿಕಟ್ಟು ಹಿಡಿದಳು.

"ಕುಡಿಯೋಕೆ ತಾ" ಎಂದಳು. "ಮೆಟ್ಟಿಲಿಗೆ ಬೇಡ."